ಎರಡನೇ ತಂಡದ ಎರ್ಲಿಂಡಾ

ಫೋನ್ ಬಂದಾಗ ಎರ್ಲಿಂಡಾ ತಾಯಿಗೆ ತಲೆಸ್ನಾನ ಮಾಡಿಸುತ್ತಿದ್ದಳು. ಎಂಬತ್ತೈದರ ಕಾಂಡೆಲಾರಿಯಾ ಅಜ್ಜಿ ಕಣ್ಣು ಮುಚ್ಚಿಕೊಂಡು, ನೀರು ತಣ್ಣಗಿದೆ, ಉಗುರು ಚುಚ್ಚುತ್ತಿದೆ, ನಿನ್ನ ತಂಗಿಯಾದರೆ ಹೀಗೆ ಉಜ್ಜುವುದಿಲ್ಲ ಎಂದು ಒಂದೊಂದೇ ದೂರು ಹೇಳುತ್ತಿದ್ದಳು. ತಂಗಿ ಓರಾಲಿಯಾ ಸ್ನಾನ ಮಾಡಿಸುವ ದಿನ ಇವೇ ದೂರುಗಳು ಅಕ್ಕನ ಹೆಸರು ಹೊತ್ತು ಬರುತ್ತವೆ. ಪಕೋಯ್ಮಾ ಎಂಬ ಊರಿನ ಆ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಬೇಲಿಗೆ ಬೇಲಿ ಹತ್ತಿ ಇರುವ ನನಗೆ ಅವರ ಮನೆಯ ಜಗಳಗಳೆಲ್ಲ ಬಾಯಿಪಾಠ.

ಫೋನಿನಲ್ಲಿ ಇದ್ದವಳು ಬರ್ಬ್ಯಾಂಕಿನ ಟೀವಿ ಸ್ಟುಡಿಯೋದ ಹುಡುಗಿ. 'ವಿಟ್ಲಾಕ್ ಮನೆ' ಎಂಬ ನಗೆ ಧಾರಾವಾಹಿ ಮೂವತ್ತು ವರ್ಷದ ಮೇಲೆ ಮತ್ತೆ ಶುರುವಾಗುತ್ತಿದೆಯಂತೆ. ಅದೇ ಅಡುಗೆಮನೆ, ಅದೇ ಮೆಟ್ಟಿಲು, ಬದುಕಿರುವಷ್ಟು ಮಟ್ಟಿಗೆ ಅದೇ ಜನ. ಅಂದು ದೇಶವನ್ನೆಲ್ಲ ನಗಿಸಿದ ಪುಟ್ಟ ಹುಡುಗಿ ಟ್ಯಾಬಿತಾ ಕ್ರೇನ್‌ಗೆ ಈಗ ನಲವತ್ತನಾಲ್ಕು. ಅವಳೇ ಈಗ ತಾಯಿಯ ಪಾತ್ರ. ಅವಳ ಮಗಳಾಗಿ ಎಂಟು ವರ್ಷದ ಜೂನಿ ಎಂಬ ಹೊಸ ಹುಡುಗಿ ಬರುತ್ತಾಳೆ. ಆ ಹುಡುಗಿಗೆ ಬದಲಿಯಾಗಿ ನಿಲ್ಲಲು ಎರ್ಲಿಂಡಾ ಹತ್ತು ವಾರ ಬರಬಹುದೇ ಎಂದು ಕೇಳಿದರು.

ಎರ್ಲಿಂಡಾಳ ಬೆಳವಣಿಗೆ ಹತ್ತನೇ ವಯಸ್ಸಿಗೇ ನಿಂತಿತ್ತು. ನಾಲ್ಕಡಿ ಎರಡಂಗುಲ. ಶಾಲೆಯಲ್ಲಿ ಕುಳ್ಳಿ ಎಂದು ಕರೆಸಿಕೊಂಡದ್ದೇ ಬಂತು. ಆದರೆ ಅದೇ ಎತ್ತರ ಅವಳಿಗೆ ಇಪ್ಪತ್ತೈದರಲ್ಲಿ ಕೆಲಸ ಕೊಡಿಸಿತು. ಮಕ್ಕಳನ್ನು ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಇಲ್ಲಿ ಕಾನೂನಿದೆ. ಟ್ಯಾಬಿತಾ ಪಾಠದ ಕೋಣೆಯಲ್ಲಿ ಗಣಿತ ಮಾಡುತ್ತಿದ್ದಷ್ಟು ಹೊತ್ತೂ ಅವಳ ಜಾಗದಲ್ಲಿ ಅವಳಷ್ಟೇ ಎತ್ತರದ ಎರ್ಲಿಂಡಾ ನಿಲ್ಲುತ್ತಿದ್ದಳು. ನೆಲಕ್ಕೆ ಅಂಟಿಸಿದ ಹಸಿರು ಪಟ್ಟಿಯ ಮೇಲೆ ನಿಂತು, ಮಗುವಿನ ಮಾತೆಲ್ಲ ಹೇಳಿ, ದೀಪ, ಕ್ಯಾಮೆರಾ ಎಲ್ಲ ಸರಿಹೊಂದಿದ ಮೇಲೆ "ಮೊದಲ ತಂಡ ಬರಲಿ" ಎಂಬ ಕೂಗು ಬೀಳುತ್ತಿತ್ತು. ನಟರು ಒಳಗೆ ಬರುತ್ತಿದ್ದರು. ಎರಡನೇ ತಂಡದವರು, ಅಂದರೆ ಬದಲಿಗಳು, ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದರು.

ಏಳು ವರ್ಷ ಹಾಗೆ ನಡೆಯಿತು. ವಿಟ್ಲಾಕರ ಅಡುಗೆಮನೆಯ ಹಿಂಬಾಗಿಲಿನಿಂದ ಅವಳು ಸೋಮವಾರದಿಂದ ಗುರುವಾರದವರೆಗೆ ಎಷ್ಟು ಸಾವಿರ ಸಲ ಒಳಗೆ ಬಂದಿದ್ದಾಳೋ, ಲೆಕ್ಕವಿಲ್ಲ. ನಿಜವಾದ ಚಿತ್ರೀಕರಣ ನಡೆಯುವ ಶುಕ್ರವಾರ ಮಾತ್ರ, ಅದನ್ನು ನೋಡಲು ಮುನ್ನೂರು ಜನ ಮೆಟ್ಟಿಲು ಬೆಂಚುಗಳ ಮೇಲೆ ಬಂದು ಕೂತ ಮೇಲೆ, ಒಂದು ಸಲವೂ ಬಂದಿಲ್ಲ. ಒಂದೇ ಒಂದು ಶುಕ್ರವಾರ ಆ ಬಾಗಿಲಿನಿಂದ ಒಳಗೆ ಬರಬೇಕೆಂಬುದು ಅವಳ ಆಸೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೆಲ್ಲ ಗೊತ್ತಿತ್ತು.

ಆ ರಾತ್ರಿಯ ಊಟ ಕಳ್ಳಿ ಎಲೆಯ ಪಲ್ಯ, ಬೇಯಿಸಿದ ಕಾಳು, ಬಿಸಿ ತೋರ್ತಿಯಾ ರೊಟ್ಟಿ. ಸುದ್ದಿ ಕೇಳಿ ಓರಾಲಿಯಾ ತಟ್ಟೆ ಪಕ್ಕಕ್ಕೆ ತಳ್ಳಿದಳು. ಐವತ್ತೇಳರ ಅವಳು ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬಡಿಸುವವಳು, ದನಿ ತಗ್ಗಿಸುವ ಅಭ್ಯಾಸವಿಲ್ಲ.

"ನಿನಗೆ ಅರವತ್ತೆರಡು ಅಕ್ಕ. ಮೊಣಕಾಲು ಕಿರ್ ಅನ್ನುತ್ತೆ. ಎಂಟು ವರ್ಷದ ಮಗು ಥರ ಹೋಗಿ ನಿಂತ್ಕೋತೀಯಾ?"

"ನಿಲ್ಲೋದು ತಾನೇ, ಕುಣಿಯೋದಲ್ವಲ್ಲ."

"ಅಮ್ಮನ್ನ ಬೆಳಿಗ್ಗೆ ಯಾರು ಎಬ್ಬಿಸೋದು? ನಾನು ಐದಕ್ಕೆ ಮನೆ ಬಿಡಬೇಕು."

"ನಾನಿದೀನಲ್ಲ," ಎಂದಳು ಓರಾಲಿಯಾಳ ಮಗಳು ಯೆಸೆನಿಯಾ. ಇಪ್ಪತ್ತೆರಡು ವರ್ಷ, ಸಂಜೆ ಕಾಲೇಜು, ಬೆಳಗಿನ ಹತ್ತು ಗಂಟೆ ಎಂದರೆ ಅವಳಿಗೆ ನಸುಕು.

"ಇವಳಾ?" ಎಂದಳು ಅಜ್ಜಿ. "ಇವಳನ್ನ ಎಬ್ಬಿಸೋಕೆ ನಾನು ಮೊದಲು ಏಳಬೇಕು."

ಓರಾಲಿಯಾ ಸುಮ್ಮನಾಗಲಿಲ್ಲ. ಅವಳ ಬಳಿ ಒಂದು ಹಳೆಯ ಅಸ್ತ್ರವಿದೆ, ಅದನ್ನು ಹೊರತೆಗೆದಳು. ತೊಂಬತ್ತೊಂದರಲ್ಲಿ ಅವಳ ಮದುವೆಯ ದಿನ, ಊಟಕ್ಕೆ ಕೂರುವ ಹೊತ್ತಿಗೆ ಸ್ಟುಡಿಯೋದಿಂದ ಕರೆ ಬಂದು ಎರ್ಲಿಂಡಾ ಎದ್ದು ಹೋಗಿದ್ದಳು. ಗಂಡ ಎಂದೋ ಬಿಟ್ಟು ಹೋದ. ಮದುವೆ ಉಳಿಯಲಿಲ್ಲ, ಮದುವೆ ಊಟದ ಜಗಳ ಮಾತ್ರ ಮೂವತ್ತಮೂರು ವರ್ಷ ಕೆಡದೆ ಉಳಿಯಿತು.

ಅಜ್ಜಿ ಒದ್ದೆ ಬಟ್ಟೆ ತೆಗೆದುಕೊಂಡಳು. ಬೈಯಬೇಕೆನಿಸಿದಾಗ ಅವಳು ಯಾರ ಮುಖವನ್ನೂ ನೋಡುವುದಿಲ್ಲ. ಮೇಜು ಒರೆಸುತ್ತ, ಬೈಗುಳವನ್ನೆಲ್ಲ ಮೇಜಿಗೇ ಹೇಳುತ್ತಾಳೆ. ನೋಡಿ ಬೈದರೆ ತಿರುಗಿ ಒಂದು ಮಾತಾದರೂ ಆಡಬಹುದು, ಮೇಜಿಗೆ ಬೈದರೆ ಏನು ಹೇಳುವುದು?

"ಒಬ್ಬಳು ನಲವತ್ತು ವರ್ಷದಿಂದ ನಿಂತೇ ಇದಾಳೆ," ಎಂದಳು ಮೇಜಿಗೆ. "ಇನ್ನೊಬ್ಬಳು ಮೂವತ್ತು ವರ್ಷದಿಂದ ಮುನಿಸ್ಕೊಂಡೇ ಇದಾಳೆ. ನಾನು ಸತ್ತ ಮೇಲಾದ್ರೂ ಕೂತು ಊಟ ಮಾಡಿ."

ಎರ್ಲಿಂಡಾ ಹೋದಳು. ಮನೆಯ ಕೆಲಸ ಹಂಚಿಕೆಯಾಯಿತು. ಮೊದಲ ವಾರ ಯೆಸೆನಿಯಾ ಎರಡು ಸಲ ಕಾಳು ಸೀಯಿಸಿದಳು, ಅಜ್ಜಿಯ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ಕೊಡಹೋಗಿ ಬೈಸಿಕೊಂಡಳು. ಎರಡನೇ ವಾರಕ್ಕೆ ಅಜ್ಜಿಯ ಜಡೆ ಹೆಣೆಯುವುದು ಕಲಿತಳು. ಮೂರನೇ ವಾರ ಅಜ್ಜಿ ನನ್ನ ಬಳಿ ಬೇಲಿಯಾಚೆಯಿಂದ, ಹುಡುಗಿಯ ಕೈ ಮೃದು, ಹೆತ್ತ ಮಕ್ಕಳಿಗಿಂತ ವಾಸಿ ಎಂದಳು. ಅದನ್ನು ಮಕ್ಕಳಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು.

ಸ್ಟುಡಿಯೋದಲ್ಲಿ ಎರ್ಲಿಂಡಾಳ ಗುರುತು ಹಿಡಿದವರು ಹಳೆಯ ಕೆಲಸಗಾರರು. ಬಡಗಿ, ದೀಪದವರು, ಎಲ್ಲರಿಗಿಂತ ಹೆಚ್ಚಾಗಿ ಲಾನಿ ಎಂಬ ಕ್ಯಾಮೆರಾದವನು. ನಿವೃತ್ತಿಯಾಗಿ ಮೀನು ಹಿಡಿಯುತ್ತಿದ್ದವನನ್ನು ಟ್ಯಾಬಿತಾಳೇ ಹಟ ಮಾಡಿ ಕರೆಸಿದ್ದಳು. ಏಳು ವರ್ಷ, ವಾರ ವಾರವೂ ಎರ್ಲಿಂಡಾಳ ಮುಖವನ್ನು ಕ್ಯಾಮೆರಾದಲ್ಲಿ ಹತ್ತಿರದಿಂದ ಕಂಡವನು ಅವನು. ಕಂಡದ್ದಷ್ಟೇ, ಅದು ಯಾವತ್ತೂ ಟೇಪಿಗೆ ಇಳಿದಿರಲಿಲ್ಲ. ಜೂನಿಯ ಹಸಿರು ಪಟ್ಟಿಯನ್ನು ಅವನೇ ಮೊಣಕಾಲೂರಿ ನೆಲಕ್ಕೆ ಅಂಟಿಸಿ, ಇಲ್ಲಿ ಸರಿಯಾ ಎಂದು ಎರ್ಲಿಂಡಾಳನ್ನು ಕೇಳಿದನಂತೆ.

ಧಾರಾವಾಹಿ ಮಾತ್ರ ಏಳಲೇ ಇಲ್ಲ. ಮೊದಲ ಶುಕ್ರವಾರ ಜನ ಹಿಗ್ಗಿಕೊಂಡು ಬಂದರು. ಹಳೆಯ ನಟ ಬಾಗಿಲಲ್ಲಿ ಕಾಣಿಸಿದಾಗ ಜನ ಚಪ್ಪಾಳೆ ತಟ್ಟುವುದು, ಅದು ಇಳಿಯುವವರೆಗೆ ನಟ ಬಾಯಿ ಬಿಡದೆ ಕಾಯುವುದು ಈ ಕಸುಬಿನ ಪದ್ಧತಿ. ಅಂದು ಟ್ಯಾಬಿತಾಗೆ ಚಪ್ಪಾಳೆ ಬಿತ್ತು, ಮುದುಕ ಅಪ್ಪನಿಗೆ ಬಿತ್ತು, ಹಳೆಯ ಹಳದಿ ಸೋಫಾಕ್ಕೂ ಬಿತ್ತು. ಆಮೇಲೆ ಕಥೆ ಶುರುವಾಯಿತು, ನಗುವುದಕ್ಕೆ ಏನೂ ಇರಲಿಲ್ಲ. ನೆನಪಿಗೆ ಚಪ್ಪಾಳೆ ತಟ್ಟಿದ ಕೈಗಳು ತೊಡೆಯ ಮೇಲೆ ಹೋಗಿ ಕೂತವು.

"ಸೋಫಾಕ್ಕೆ ಚಪ್ಪಾಳೆ ಹೊಡೆದ್ರು," ಎಂದು ಎರ್ಲಿಂಡಾ ಮರುದಿನ ಊಟದ ಹೊತ್ತಿಗೆ ನಗುತ್ತ ಹೇಳಿದಳು.

"ಸೋಫಾ ಆದ್ರೂ ಶುಕ್ರವಾರ ಕಾಣಿಸುತ್ತೆ," ಎಂದಳು ಓರಾಲಿಯಾ.

ಯಾರೂ ನಗಲಿಲ್ಲ. ಯೆಸೆನಿಯಾ ತಾಯಿಯ ಕಾಲಿಗೆ ಮೇಜಿನ ಕೆಳಗಿಂದ ಒದ್ದಳು. ಎರ್ಲಿಂಡಾ ತನ್ನ ತಟ್ಟೆಯನ್ನೂ ತಂಗಿಯ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ತೊಳೆದಳು.

ನಾಲ್ಕನೇ ವಾರದ ಬುಧವಾರ. ಬುಧವಾರ ನಾಲ್ಕು ಗಂಟೆಗೆ ಚಾನೆಲ್ಲಿನ ದೊಡ್ಡವರು ಬಂದು ಕುರ್ಚಿಯ ಸಾಲಿನಲ್ಲಿ ಕೂತು ಇಡೀ ಕಂತನ್ನು ಒಮ್ಮೆ ನೋಡುತ್ತಾರೆ. ಅವರು ಅಂದು ಮುಕ್ಕಾಲು ಗಂಟೆ ತಡವಾಗಿ ಬಂದರು. ಜೂನಿಯ ನಾಲ್ಕು ಗಂಟೆ ಮುಗಿದಿತ್ತು. ಅವಳ ಪಾಠದ ಮೇಡಂ ಕೈಗಡಿಯಾರ ತೋರಿಸಿ, ಮಗುವಿನ ಚೀಲ ಹೆಗಲಿಗೇರಿಸಿ ಕರೆದುಕೊಂಡು ಹೊರಟೇಬಿಟ್ಟರು. ದೊಡ್ಡವರಿಗಾಗಿ ಕಾಯುವವರಲ್ಲ ಆ ಮೇಡಂ. ಹಾಗಾಗಿ ಮಗುವಿನ ದೃಶ್ಯವನ್ನು ಎರ್ಲಿಂಡಾಳೇ ಮಾಡಬೇಕಾಯಿತು.

ತಡವಾಗಿ ಮನೆಗೆ ಬಂದ ತಾಯಿಯನ್ನು ಮಗಳು ಗದರಿಸುವ ದೃಶ್ಯ. ಸೊಂಟದ ಮೇಲೆ ಕೈಯಿಟ್ಟು ಹೇಳಬೇಕೆಂದು ಬರೆದಿತ್ತು. ಎರ್ಲಿಂಡಾ ಬರೆದ ಮಾತನ್ನೇ ಹೇಳಿದಳು, ಆದರೆ ಕೈ ತಾನಾಗಿ ಸಿಂಕಿನ ಮೇಲಿದ್ದ ಬಟ್ಟೆಗೆ ಹೋಯಿತು. ಟ್ಯಾಬಿತಾಳ ಕಡೆ ತಿರುಗಿಯೂ ನೋಡದೆ ಕಟ್ಟೆ ಒರೆಸುತ್ತ, ಒಂದೊಂದು ಮಾತನ್ನೂ ಕಟ್ಟೆಗೇ ಹೇಳಿದಳು. ನಾಲ್ಕು ವಾರದಿಂದ ಮುಖ ಗಂಟಿಕ್ಕಿಕೊಂಡಿದ್ದ ಕುರ್ಚಿಯ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಜವಾಗಿ ಬೈಸಿಕೊಂಡವಳ ಹಾಗೆ ಟ್ಯಾಬಿತಾ ಕೆಂಪಾದಳು.

ಶುಕ್ರವಾರ ಜೂನಿಯ ಕೈಗೆ ಆ ಬಟ್ಟೆ ಕೊಟ್ಟರು. ಎಂಟು ವರ್ಷದ ಮಗು ಕಟ್ಟೆ ಒರೆಸಿದರೆ ಮುದ್ದಾಗಿ ಕಾಣುತ್ತದೆ, ಅಷ್ಟೇ. ಬೈಗುಳಕ್ಕೆ ವಯಸ್ಸು ಬೇಕು. ಬರೆಯುವವರಿಗೂ ಅದು ಹೊಳೆಯಿತು. ಪಕ್ಕದ ಮನೆಯ ದೋನ್ಯಾ ಲೂಸ್ ಎಂಬ ಮುದುಕಿಯನ್ನು ಹೊಸದಾಗಿ ಸೃಷ್ಟಿಸಿ ಆರನೇ ಕಂತಿಗೆ ತಂದರು. ಹಿಂಬಾಗಿಲಿನಿಂದ ಬರುತ್ತಾಳೆ, ಯಾರನ್ನೂ ನೋಡದೆ ಎಲ್ಲರನ್ನೂ ಬೈಯುತ್ತಾಳೆ, ಹೋಗುತ್ತಾಳೆ.

ಆ ಹಾಳೆಗಳನ್ನು ಎರ್ಲಿಂಡಾ ಮನೆಗೆ ತಂದು ಅಜ್ಜಿಗೆ ಓದಿ ಹೇಳಿದಳು. ಇದು ನಾನೇ ಅಲ್ವೇನೇ ಎಂದು ಅಜ್ಜಿ ಕೇಳಿದಳು. ಯೆಸೆನಿಯಾ ದೊಡ್ಡಮ್ಮನನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿದಳು. ಓರಾಲಿಯಾ ಕೂಡ ಆ ದಿನ ಚುಚ್ಚಲಿಲ್ಲ. ಪಾತ್ರ ಎರ್ಲಿಂಡಾಳಿಗೆ ಎಂದು ಯಾರೂ ಹೇಳಿರಲಿಲ್ಲ, ಬೇರೆ ಯಾರಿಗೋ ಇರಬಹುದೆಂದು ಆ ಮನೆಯಲ್ಲಿ ಯಾರಿಗೂ ತೋಚಲೂ ಇಲ್ಲ.

ಐದನೇ ವಾರದ ಶನಿವಾರ, ಮುಂದಿನ ವಾರದ ಕೆಲಸದ ಪಟ್ಟಿ ಫೋನಿಗೆ ಬಂತು. ದೋನ್ಯಾ ಲೂಸ್ ಪಾತ್ರಕ್ಕೆ ಹೆಸರುವಾಸಿ ನಟಿಯೊಬ್ಬರು. ಅವರು ಬೇರೆ ಚಿತ್ರೀಕರಣದಲ್ಲಿ ಇರುವುದರಿಂದ ಗುರುವಾರ ಬರುತ್ತಾರೆ. ಅಲ್ಲಿಯವರೆಗೆ ಅವರ ಬದಲಿಗೆ ನಿಲ್ಲುವವರು: ಎರ್ಲಿಂಡಾ.

ಭಾನುವಾರ ಮೂಳೆ ಸಾರು ಮಾಡಿದ್ದರು. ಯಾರೂ ಮುಟ್ಟಲಿಲ್ಲ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ನನ್ನ ಕೈಯೂ ನಿಂತುಹೋಯಿತು.

"ಹೋಗಬೇಡ," ಎಂದಳು ಓರಾಲಿಯಾ.

"ಒಪ್ಕೊಂಡಿದೀನಿ. ಹತ್ತು ವಾರ ಅಂತ ಹೇಳಿದೀನಿ."

"ಅಕ್ಕ, ಕೇಳಿಲ್ಲಿ. ನನ್ನ ಮದುವೆ ಊಟ ಬಿಟ್ಟು ಹೋದೆ ಅಂತ ಇಷ್ಟು ವರ್ಷ ಅಂದ್ಕೊಂಡು ಬಂದೆ. ಸಿಟ್ಟು ಅದಕ್ಕಲ್ಲ. ಯಾರಿಗೋಸ್ಕರ ಎದ್ದು ಹೋದ್ಯೋ, ಅವರು ಒಂದಿನ ಆದ್ರೂ ನಿನ್ನ ಹೆಸರು ಹೇಳಲಿಲ್ವಲ್ಲ, ಅದಕ್ಕೆ. ನೂರಾ ಐವತ್ತು ಕಂತು ನೋಡಿದೀನಿ ನಾನು. ನಿನ್ನ ಹೆಸರು ಬರುತ್ತೇನೋ ಅಂತ ಕೊನೇ ಅಕ್ಷರದ ತನಕ ನೋಡಿದೀನಿ."

ಎರ್ಲಿಂಡಾಗೆ ಇದು ಗೊತ್ತಿರಲಿಲ್ಲ. ತಂಗಿ ಟೀವಿಯ ಮುಂದೆ ಕೂರುವುದು ಅಮ್ಮನ ಜೊತೆಗೆಂದು ಅವಳು ಅಂದುಕೊಂಡಿದ್ದಳು.

"ಹಾಗಾದ್ರೆ ಏನು ಮಾಡಲಿ ಹೇಳು."

"ಹೋಗು," ಎಂದಳು ಅಜ್ಜಿ ಮಧ್ಯೆ ಬಾಯಿ ಹಾಕಿ. ಈ ಸಲ ಬಟ್ಟೆ ಹುಡುಕಲಿಲ್ಲ, ಮಗಳ ಮುಖ ನೋಡಿಯೇ ಹೇಳಿದಳು. "ಮನೇಲಿ ಕೂತ್ಕೊಂಡು ಬೇಡ ಅಂದ್ರೆ ಯಾರಿಗೆ ಕೇಳಿಸುತ್ತೆ? ಅಲ್ಲಿ ಹೋಗಿ ಬೇಡ ಅನ್ನು."

ಓರಾಲಿಯಾ ಸಾರನ್ನು ಮತ್ತೆ ಬಿಸಿ ಮಾಡಿ ಅಕ್ಕನಿಗೆ ಮೊದಲು ಬಡಿಸಿದಳು.

ಸೋಮವಾರ, ಮಂಗಳವಾರ ಎರ್ಲಿಂಡಾಗೆ ಬಾಯಿ ಬರಲಿಲ್ಲ. ಜೂನಿಯ ಕೆಲಸವಷ್ಟೇ ಮಾಡಿ ಬಂದಳು. ಬದಲಿಗಳು ಯಾರೂ ಬೇಡ ಎಂದ ದಾಖಲೆ ಆ ಕಸುಬಿನಲ್ಲಿಲ್ಲ. ಎರಡು ದಿನವೂ ಸಂಜೆ ಓರಾಲಿಯಾ ಗೇಟಿನಲ್ಲಿ ನಿಂತು, ಹೇಳಿದೆಯಾ ಎಂದು ಕೇಳಿದಳು. ನಾಳೆ ಎಂದು ಎರ್ಲಿಂಡಾ ತಲೆ ತಗ್ಗಿಸಿ ಒಳಗೆ ಹೋದಳು.

ಬುಧವಾರ ಕ್ಯಾಮೆರಾಗಳು ಬಂದವು. ದೋನ್ಯಾ ಲೂಸಳ ದೃಶ್ಯ. ಹೆಸರುವಾಸಿ ನಟಿಯ ಎತ್ತರ ಐದಡಿ ಆರು. ಅಷ್ಟೆತ್ತರಕ್ಕೆ ದೀಪ ಹೊಂದಿಸಬೇಕಲ್ಲ. ಕೆಲಸದ ಹುಡುಗ ಎರಡು ಮರದ ಪೆಟ್ಟಿಗೆ ತಂದು ಗುರುತಿನ ಮೇಲೆ ಒಂದರ ಮೇಲೊಂದು ಇಟ್ಟ. ಎರ್ಲಿಂಡಾ ಅದನ್ನು ಹತ್ತಿ ನಿಲ್ಲಬೇಕು.

ಅವಳು ಹತ್ತಿದಳು ಕೂಡ. ಅಭ್ಯಾಸಬಲ. ಮೇಲೆ ನಿಂತಾಗ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಎಲ್ಲರ ನೆತ್ತಿ ಕಂಡಿತಂತೆ. ಲಾನಿ ಕ್ಯಾಮೆರಾದಿಂದ ಕಣ್ಣು ತೆಗೆದು ನೆಲ ನೋಡುತ್ತಿದ್ದ. ಎರ್ಲಿಂಡಾ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಜೋಪಾನವಾಗಿ ಇಳಿಸಿ, ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ನಿಂತಳು.

ನಿರ್ದೇಶಕ ಮೂವತ್ತರ ಹುಡುಗ. ಕೆಟ್ಟವನಲ್ಲ, ಏನೂ ಗೊತ್ತಿಲ್ಲದವನು. ಮೊಣಕಾಲು ನೋವೇ ಎಂದು ಕೇಳಿದ.

"ನೋವಿಲ್ಲ," ಎಂದಳು ಎರ್ಲಿಂಡಾ. "ಈ ಹೆಂಗಸು ಇಷ್ಟೆತ್ತರ ಇರಲಿಲ್ಲ. ಇವಳನ್ನ ಬರೆದಿದ್ದು ನನ್ನ ನೋಡಿ. ನನಗೆ ಕೊಟ್ರೆ ಮಾಡ್ತೀನಿ. ಬೇರೆಯವರಿಗೆ ಕೊಟ್ರೆ ಅವರೇ ಬಂದು ನಿಂತ್ಕೊಳ್ಳಲಿ. ಇದಕ್ಕೆ ನಾನು ಬದಲಿ ಆಗಲ್ಲ."

ಸಹಾಯಕ ನಿರ್ದೇಶಕ, ನಿಲ್ಲುವುದೇ ತಾನೆ ನಿಮ್ಮ ಕೆಲಸ ಎಂದು ಮೆಲ್ಲಗೆ ನೆನಪಿಸಿದ. ಹೊಸ ಬದಲಿಯನ್ನು ಕರೆಸಲು ಎಷ್ಟು ಹೊತ್ತು ಬೇಕೆಂದು ಫೋನು ತೆಗೆದ. ಎರ್ಲಿಂಡಾ ಕೈಚೀಲ ಎತ್ತಿಕೊಂಡಳು. ಮನೆಗೆ ಹೋಗಿ ಬೆಳಗಿನ ಕಾಳು ನೆನೆಹಾಕುವುದನ್ನೇ ಯೋಚಿಸುತ್ತಿದ್ದಳಂತೆ.

ಆಗ ಟ್ಯಾಬಿತಾ ಹಳದಿ ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಳು.

"ಚಿಕ್ಕವಳಿದ್ದಾಗ ಪಾಠದ ಕೋಣೆ ಬಾಗಿಲ ಸಂದೀಲಿ ಇವರನ್ನ ನೋಡ್ತಿದ್ದೆ," ಎಂದಳು. "ಇವರು ಹೇಗೆ ಹೇಳ್ತಿದ್ರೋ ಹಾಗೇ ಹೇಳ್ತಿದ್ದೆ. ದೇಶ ನಕ್ಕಿದ್ದು ನನ್ನ ನೋಡಿ, ಹೇಳಿಕೊಟ್ಟಿದ್ದು ಇವರು. ನಾನಿದನ್ನ ಮೂವತ್ತು ವರ್ಷದ ಹಿಂದೆ ಹೇಳಬೇಕಿತ್ತು. ನಾಲ್ಕು ಗಂಟೆಗೆ ಅವರು ಬರ್ತಾರಲ್ಲ, ಇವರು ಮಾಡಿ ತೋರಿಸಲಿ. ಅಲ್ಲೀವರೆಗೂ ನಾನು ಇಲ್ಲಿಂದ ಏಳಲ್ಲ."

ಲಾನಿ ಬಂದು ಎರಡೂ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದ. ಕ್ಯಾಮೆರಾದವನು ಪೆಟ್ಟಿಗೆ ಎತ್ತುವುದು ಅಲ್ಲಿ ಯಾರೂ ಕಂಡದ್ದಲ್ಲ.

ನಾಲ್ಕು ಗಂಟೆಗೆ ಕುರ್ಚಿಯ ಸಾಲು ನಕ್ಕಿತು. ನಾಲ್ಕೂವರೆಗೆ ಅವರು ಮೂಲೆಗೆ ಹೋಗಿ ಗುಸುಗುಸು ಮಾಡಿದರು. ಹೆಸರುವಾಸಿ ನಟಿಗೆ ಕೊಡಬೇಕಾದದ್ದು ಕೊಟ್ಟು ಕೈಮುಗಿದರಂತೆ. ಐದಕ್ಕೆ ಪಾತ್ರ ಎರ್ಲಿಂಡಾಳದ್ದಾಯಿತು.

ಮನೆಗೆ ಬಂದು ಹೇಳಿದಾಗ ಓರಾಲಿಯಾ ಒಲೆಯ ಮುಂದಿದ್ದಳು. ಒಲೆ ಆರಿಸಿದಳು. ಮತ್ತೆ ಹಚ್ಚಿದಳು. ಏನು ಬೇಯುತ್ತಿತ್ತೆಂದು ಮರೆತೇಹೋಗಿತ್ತು. ಆಮೇಲೆ ಫೋನು ಹಿಡಿದು ಕೂತವಳು ರಾತ್ರಿಯ ಊಟದ ಹೊತ್ತಿಗೆ ಇಡೀ ಪಕೋಯ್ಮಾಗೆ ಸುದ್ದಿ ಮುಟ್ಟಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಶಾಲೆಗೆ ರಜೆ ಹಾಕಿದಳು. ಕಾರಣ ಕೇಳಿದ್ದಕ್ಕೆ, ಮನೆಯಲ್ಲಿ ಕಾರ್ಯ ಇದೆ ಎಂದಳು.

ಶುಕ್ರವಾರ ನಾವು ಮೂವತ್ತೆಂಟು ಜನ ಸ್ಟುಡಿಯೋದ ಹೊರಗೆ ಸಾಲು ನಿಂತೆವು. ಅಜ್ಜಿ ಗಾಲಿ ಕುರ್ಚಿಯಲ್ಲಿ, ಯೆಸೆನಿಯಾ ಹೆಣೆದ ಜಡೆ, ಚರ್ಚಿನ ಕಪ್ಪು ಉಡುಪು. ಒಳಗೆ ಕೂತ ಮೇಲೆ ಜನಕ್ಕೆ ಹಂಚಿದ ಪೀತ್ಸಾ ನೋಡಿ, ಇದೂ ಒಂದು ರೊಟ್ಟಿಯಾ ಎಂದು ಪಕ್ಕದವನಿಗೆ ಕೊಟ್ಟಳು. ಓರಾಲಿಯಾ ನಮ್ಮ ಸಾಲಿನ ಉದ್ದಕ್ಕೂ ನಡೆದು, ನಾನೂರು ಮಕ್ಕಳನ್ನು ಕೂರಿಸುವ ದನಿಯಲ್ಲಿ ಅಪ್ಪಣೆ ಮಾಡಿದಳು. ಯಾರೂ ಹೆಸರು ಹಿಡಿದು ಕೂಗಬಾರದು, ಸಿಳ್ಳೆ ಹಾಕಬಾರದು, ಚಪ್ಪಾಳೆ ಕೂಡದು. ಉಳಿದ ಜನಕ್ಕೆ ಅವಳು ಯಾರೆಂದೇ ಗೊತ್ತಿಲ್ಲ, ನಾವು ಮಾತ್ರ ತಟ್ಟಿದರೆ ಅವಳಿಗೆ ಅವಮಾನ. ಕಾರ್ಯ ಕೆಡಿಸಬೇಡಿ ಎಂದಳು. ನಾವೆಲ್ಲ ಕೈ ಕಟ್ಟಿ ಕೂತೆವು.

ದೃಶ್ಯ ಬಂತು. ವಿಟ್ಲಾಕರು ಅಡುಗೆಮನೆಯಲ್ಲಿ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದಾರೆ. ಹಿಂಬಾಗಿಲು ತೆರೆಯಿತು. ನೀಲಿ ಹೂವಿನ ಉಡುಪಿನಲ್ಲಿ, ಕೂದಲು ಎತ್ತಿ ಕಟ್ಟಿ, ಎರ್ಲಿಂಡಾ ಒಳಗೆ ಬಂದು ನಿಂತಳು.

ಸದ್ದಿಲ್ಲ. ಜನ ಯಾರಿದು ಎಂದು ನೋಡುತ್ತಿದ್ದರು. ಓರಾಲಿಯಾ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಉಗುರು ನಾಟಿತು.

ಕೆಳಗಿನಿಂದ ಒಂದು ಚಪ್ಪಾಳೆ ಕೇಳಿಸಿತು. ಲಾನಿ. ಓಡುತ್ತಿರುವ ಕ್ಯಾಮೆರಾ ಬಿಟ್ಟು ಎರಡೂ ಕೈಯಲ್ಲಿ ತಟ್ಟುತ್ತಿದ್ದ. ಅವನ ಬೆನ್ನಿಗೆ ದೀಪದವರು, ಬಡಗಿ, ಮೈಕಿನ ಉದ್ದ ಕೋಲು ಹಿಡಿದವನು. ಉಸಿರೂ ಕೇಳಿಸದಂತೆ ಕೆಲಸ ಮಾಡಬೇಕಾದ ಆ ಜನ, ಜೀವಮಾನವೆಲ್ಲ ಹಾಗೆ ಮಾಡಿದವರು, ನಡೆಯುತ್ತಿರುವ ದೃಶ್ಯದ ನಡುವೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಲಾನಿಯ ಕ್ಯಾಮೆರಾ ತಾನಾಗಿ ವಾಲಿ ಒಲೆಯ ಚಿತ್ರ ತೆಗೆಯುತ್ತಿತ್ತು. ನಿರ್ದೇಶಕ ನಿಲ್ಲಿಸಿ ಎಂದು ಕೂಗಿದ. ಟ್ಯಾಬಿತಾ ಮೈಕು ಇಸಿದುಕೊಂಡು ಜನಕ್ಕೆ, ಇವರು ಯಾರು, ಏಳು ವರ್ಷ ಏನು ಮಾಡಿದರು ಎಂಬುದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಹೆಸರನ್ನು ಪೂರ್ತಿಯಾಗಿ ಹೇಳಿದಳು.

"ನನ್ನ ಅಕ್ಕ," ಎಂದಳು ಓರಾಲಿಯಾ ಮುಂದಿನ ಸಾಲಿನ ಅಪರಿಚಿತನಿಗೆ. ಅವನು ಕೇಳಿರಲಿಲ್ಲ.

ಎರಡನೇ ಸಲ ಬಾಗಿಲು ತೆರೆದಾಗ ಮುನ್ನೂರು ಜನ ಎದ್ದು ನಿಂತರು. ನಮ್ಮ ಮೂವತ್ತೆಂಟು ಜೊತೆ ಕೈಗಳೂ ಕಟ್ಟು ಬಿಚ್ಚಿಕೊಂಡವು. ಚಪ್ಪಾಳೆ ಏರುತ್ತಲೇ ಹೋಯಿತು. ಇಳಿಯಬಹುದೆಂದು ಅಂದುಕೊಂಡಾಗ ಮತ್ತೆ ಏರಿತು. ಎರ್ಲಿಂಡಾಳ ತುಟಿ ಅಲುಗಿದ್ದನ್ನು ಅಜ್ಜಿ ನೋಡಿದಳು. ಮಗಳಿಗೆ ಮಾತಾಡಲು ಬಿಡುತ್ತಿಲ್ಲವೆಂದು ಅವಳಿಗೆ ರೇಗಿತು. ಗಾಲಿ ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಗೋದಾಮಿನಂಥ ಆ ಸ್ಟುಡಿಯೋ ನಡುಗುವ ಹಾಗೆ ಸ್ಪ್ಯಾನಿಷಿನಲ್ಲಿ ಕೂಗಿದಳು:

"ಬಾಯಿ ಮುಚ್ಚಿ ಎಲ್ಲರೂ. ನನ್ನ ಮಗಳು ಮಾತಾಡ್ತಿದಾಳೆ."

ಎರಡನೇ ಸಲವೂ ಕೆಟ್ಟಿತು. ಆರು ವಾರದಲ್ಲಿ ಅಷ್ಟು ದೊಡ್ಡ ನಗು ಆ ಮನೆಗೆ ಬಿದ್ದಿರಲಿಲ್ಲ. ನಿರ್ದೇಶಕ ಕಿವಿಗೆ ಹಾಕಿದ್ದ ಹೆಡ್‌ಫೋನು ತೆಗೆದು ತಾನೂ ನಕ್ಕ. ಬಾಗಿಲಲ್ಲಿ ನಿಂತ ಎರ್ಲಿಂಡಾ ಮುಖ ಮುಚ್ಚಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಬಣ್ಣ ಹಚ್ಚುವ ಹುಡುಗಿ ಓಡಿಬಂದು ಕೆನ್ನೆ ಸರಿಮಾಡಿದಳು.

ಮೂರನೇ ಸಲ. ಅಜ್ಜಿಯ ಒಂದು ಕೈ ಯೆಸೆನಿಯಾಳ ಹಿಡಿತದಲ್ಲಿ, ಇನ್ನೊಂದು ಓರಾಲಿಯಾಳ ಹಿಡಿತದಲ್ಲಿ. ಬಾಗಿಲು ತೆರೆಯಿತು. ಎರ್ಲಿಂಡಾ ಒಳಗೆ ಬಂದು ನಿಂತಳು. ಚಪ್ಪಾಳೆ ಎದ್ದಿತು. ಅವಳು ಅವಸರ ಮಾಡಲಿಲ್ಲ, ಕೈಯನ್ನೂ ಎತ್ತಲಿಲ್ಲ. ಅದು ತಾನಾಗಿ ಏರಿ, ತಾನಾಗಿ ಇಳಿದು, ಕೊನೆಯ ಕೈಯೂ ನಿಲ್ಲುವವರೆಗೆ ಕಾದಳು. ಲಾನಿಯ ಕ್ಯಾಮೆರಾ ಅಲುಗದೆ ಅವಳ ಮುಖದ ಮೇಲಿತ್ತು. ಆಮೇಲೆ ಅವಳು ಕೂಗಾಡುತ್ತಿದ್ದ ಆ ಮನೆಯವರಿಗೆ ತನ್ನ ಮಾತು ಹೇಳಿದಳು.

"ನಿಮ್ಮ ಜಗಳ ನಮ್ಮನೇಗೆ ಸರಿಯಾಗಿ ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಆಡಿ."

ಮುನ್ನೂರು ಜನ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ಓರಾಲಿಯಾ.